ಶರಣಪ್ಪ ಕಾಕಾ ಕೂಗಿದ ಮಾತು

ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಮೊದಲ ಕಲ್ಲು ಬಿತ್ತು. ನೆನಪಿನಿಂದ ಹೇಳುತ್ತಿಲ್ಲ. ನನ್ನ ಫೋನಿನಲ್ಲಿ ತೆಗೆದ ವಿಡಿಯೋಕ್ಕೆ ಆ ಸಮಯ ಅಂಟಿಕೊಂಡಿದೆ. ಅದಕ್ಕಿಂತ ಒಂದು ಕ್ಷಣ ಮೊದಲು ನೋಡಿದರೆ, ರಸ್ತೆಯ ಮೇಲೆ ಕೂತ ಹೆಂಗಸರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಾರೆ. ಟಿಪ್ಪರಿನ ಡ್ರೈವರ್ ಕೆಳಗಿಳಿದು ಯಾರಿಗೋ ಏನೋ ಹೇಳಿ ನಗುತ್ತಿದ್ದಾನೆ. ಒಂದು ಕ್ಷಣ ಆದಮೇಲೆ ಅವನು ನೆಲದ ಮೇಲಿದ್ದಾನೆ.

ಕಲ್ಲು ಗುಲಾಬಿ ಬಣ್ಣದ್ದು. ಇಳಕಲ್ ಸುತ್ತಲಿನ ಗ್ರಾನೈಟು ಪಾಲಿಶ್ ಆದಮೇಲೆ ಎಲ್ಲೆಲ್ಲೋ ದೊಡ್ಡ ಕಟ್ಟಡಗಳ ನೆಲವಾಗಿ ಹೊಳೆಯುತ್ತದೆ. ಒಡೆದ ಚೂರುಗಳು ಮಾತ್ರ ಊರಲ್ಲೇ ಉಳಿಯುತ್ತವೆ. ಆ ಊರಿನಲ್ಲಿ ಕೈಗೆ ಸಿಗುವ ಕಲ್ಲಿಗೆ ಬರವಿಲ್ಲ. ಅಂಚುಗಳು ಚೂಪಾಗಿರುತ್ತವೆ.

ಇದಾಗಿ ಎರಡು ವರ್ಷ. ಹೋದ ವಾರ ಬಾಗಲಕೋಟೆಯಿಂದ ಬಾದಾಮಿಗೆ ಹೋಗುವಾಗ ಬಸ್ಸು ಕೆರೂರಿನಲ್ಲಿ ನಿಂತಿತು. ಪೇರಲ ಹಣ್ಣು ಕೊಳ್ಳೋಣವೆಂದು ಇಳಿದೆ. ಪಕ್ಕದ ಓಣಿಯಲ್ಲಿ ಹಿಟ್ಟಿನ ಗಿರಣಿ ನಡೆದಿತ್ತು. ಹೊಸ ಜೋಳದ ಬಿಸಿ ಹಿಟ್ಟಿನ ವಾಸನೆ ಗಾಳಿಯ ಜೊತೆ ಬಂದು ಮುಖಕ್ಕೆ ತಾಗಿತು. ಕಾಲು ಕದಲಲಿಲ್ಲ. ಹಣ್ಣಿನವಳು ತೂಕ ಮಾಡಿ ಚೀಲ ಚಾಚಿದ್ದಳು, ನನ್ನ ಕೈ ಮೇಲೇಳಲಿಲ್ಲ. ಕಂಡಕ್ಟರ್ ಬಾಗಿಲಿಂದ ಕೂಗಿದ: “ಅಕ್ಕಾರ, ಬರ್ತೀರೋ, ಇಲ್ಲೇ ಸಂಸಾರ ಹೂಡ್ತೀರೋ?” ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ ಅನಿಸುತ್ತದೆ. ಸೀಟಿನಲ್ಲಿ ಕೂತು ನೋಡಿದರೆ ಹಣ್ಣಿನ ಚೀಲ ಅಲ್ಲೇ ಬಿಟ್ಟು ಬಂದಿದ್ದೆ.

ಎಲ್ಲರಿಗೂ ಆ ವಾಸನೆ ಎಂದರೆ ರೊಟ್ಟಿ. ನನಗೆ ಅದು ಮುಚ್ಚಿದ ಶಟರ್.

ಆ ಊರಿನ ಹೆಸರು ಬರೆಯುವುದಿಲ್ಲ. ಇಳಕಲ್‌ನಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ಹಾದಿ. ಊರಿಗೆ ಎರಡು ಓಣಿ, ಮ್ಯಾಗಿನದು ಎಂದರೆ ಮೇಲಿನದು, ಇನ್ನೊಂದು ಕೆಳಗಿನದು. ಮ್ಯಾಗಿನ ಓಣಿಯ ಬೆನ್ನಿಗೇ ಕಲ್ಲಿನ ಕ್ವಾರಿ. ಅಲ್ಲಿ ಕಲ್ಲು ಸಿಡಿಸಿದಾಗಲೆಲ್ಲ ಈ ಓಣಿಯ ಗೋಡೆಗಳು ಬಿರುಕು ಬಿಡುತ್ತಿದ್ದವು. ತೊಟ್ಟಿಲಲ್ಲಿ ಮಲಗಿದ ಕೂಸಿನ ಮೇಲೆ ಮಾಳಿಗೆಯ ಮಣ್ಣು ಉದುರಿದ ದಿನ ಓಣಿಯವರೆಲ್ಲ ಸೇರಿ ಅಧಿಕಾರಿಗಳ ಹತ್ತಿರ ಹೋದರು. ಓಡಾಡಿ ಓಡಾಡಿ ಕೆಲಸ ನಿಲ್ಲಿಸುವ ಆದೇಶ ತಂದರು. ಕೆಳಗಿನ ಓಣಿಯ ಗಂಡಸರಿಗೆ ಅದೇ ಕ್ವಾರಿಯಲ್ಲಿ ಕೆಲಸ. ಕೆಲವರು ಟಿಪ್ಪರ್ ಓಡಿಸುವವರು, ಕೆಲವರು ಬಂಡೆಗೆ ರಂಧ್ರ ಹೊಡೆಯುವವರು. ಆದೇಶ ಬಂದ ದಿನದಿಂದ ಅವರು ಕೆಲಸವಿಲ್ಲದೆ ಕಟ್ಟೆಯ ಮೇಲೆ ಕೂತರು. ಒಂದೇ ಬಾವಿಯ ನೀರು ಕುಡಿದವರು, ಬೀಗರಾದವರು ಎದುರಿಗೆ ಬಂದರೆ ಮುಖ ತಿರುಗಿಸತೊಡಗಿದರು. ಒಬ್ಬರಿಗೆ ಮನೆ ಬೀಳುವ ಭಯ, ಇನ್ನೊಬ್ಬರಿಗೆ ಒಲೆ ಆರುವ ಭಯ. ಎರಡೂ ಖರೆ. ಅದನ್ನೇ ತೋರಿಸಬೇಕೆಂದು ನಾನು ಆ ಬೇಸಿಗೆಯ ಆರಂಭದಿಂದ ಅಲ್ಲಿಗೆ ಹೋಗಿ ಬರುತ್ತಿದ್ದೆ.

ನಾನು ಧಾರವಾಡದಲ್ಲಿ ಪತ್ರಿಕೋದ್ಯಮ ಓದಿದವಳು. ಬಾಗಲಕೋಟೆಯ ಪತ್ರಿಕೆಯೊಂದರಲ್ಲಿ ಕೆಲವು ವರ್ಷ ದುಡಿದು ಬಿಟ್ಟೆ. ಇಳಕಲ್‌ನಲ್ಲಿ ನೇಕಾರರ ಮನೆಯ ಮಹಡಿಯ ಮೇಲೊಂದು ಕೋಣೆ ಹಿಡಿದು, ನನ್ನದೇ ಒಂದು ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದೆ. ನಡುನಡುವೆ ದೊಡ್ಡ ಚಾನೆಲ್ಲುಗಳಿಗೆ ವಿಡಿಯೋ ಕಳಿಸುತ್ತಿದ್ದೆ. ಮೊದಲ ದಿನ ಕೆಳಗಿನ ಓಣಿಯ ಕಟ್ಟೆಯ ಮೇಲೆ ಕೂತವರು ಕೇಳಿದ್ದರು:

“ಯಾವ ಚಾನೆಲ್ರಿ ಅಕ್ಕಾರ?”

“ನಂದ ಐತ್ರಿ.”

“ನಿಮ್ದಂದ್ರ? ಮಾಲಕರು ಯಾರು?”

“ನಾನ.”

“ಕ್ಯಾಮೆರಾದವ್ರು?”

“ಅದೂ ನಾನ.”

“ಹಂಗಾದ್ರ ನೋಡವ್ರೂ ನೀವ ಇರ್ಬೇಕು ಬಿಡ್ರಿ,” ಎಂದವನು ಈರಣ್ಣ. ಟಿಪ್ಪರ್ ಡ್ರೈವರ್, ಮದುವೆಯಾಗದ ಹುಡುಗ. ಮನೆಯಲ್ಲಿ ಅವನೂ ಅವನ ತಾಯಿ ಯಲ್ಲವ್ವನೂ ಇಬ್ಬರೇ. ಅವತ್ತು ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ.

ಎರಡು ಓಣಿ ಕೂಡುವ ಜಾಗದಲ್ಲಿ ಶರಣಪ್ಪ ಕಾಕಾನ ಗಿರಣಿ. ಕಾಕಾನ ಮನೆ ಮ್ಯಾಗಿನ ಓಣಿಯಲ್ಲಿ. ಕ್ವಾರಿಯ ವಿರುದ್ಧ ಮುಂದೆ ನಿಂತವರಲ್ಲಿ ಮೊದಲನೆಯವರು ಅವರೇ. ಹಣೆಯ ತುಂಬ ವಿಭೂತಿ, ಹುಬ್ಬಿನ ತುಂಬ ಹಿಟ್ಟು. ಯಾವುದು ಎಲ್ಲಿ ಮುಗಿಯಿತೆಂದು ತಿಳಿಯುತ್ತಿರಲಿಲ್ಲ. ನನಗೆ ‘ಟಿವಿ’ ಎಂದೇ ಹೆಸರಿಟ್ಟಿದ್ದರು. “ಏನವಾ ಟಿವಿ, ಇವತ್ತ ಯಾರ ಸುದ್ದಿ ಹಾಕಾಕಿ?” ಊರು ಎರಡಾದ ಮೇಲೂ ಕೆಳಗಿನ ಓಣಿಯ ಹೆಂಗಸರು ಜೋಳದ ಡಬ್ಬಿ ಹೊತ್ತು ಅವರ ಗಿರಣಿಗೇ ಬರುತ್ತಿದ್ದರು. ಊರಿಗೆ ಇದ್ದದ್ದು ಅದೊಂದೇ. ಮಾತಿಲ್ಲದೆ ಡಬ್ಬಿ ಇಟ್ಟು ಹೋಗುವರು; ಸಂಜೆ ಬಂದು ಮಾತಿಲ್ಲದೆ ಹಿಟ್ಟು ಒಯ್ಯುವರು. ಮ್ಯಾಗಿನ ಓಣಿಯ ಹುಡುಗರು ಒಮ್ಮೆ, “ಅವ್ರ ಜ್ವಾಳಾ ಯಾಕ ಬೀಸ್ತೀ ಕಾಕಾ?” ಎಂದು ಜಗಳ ತೆಗೆದಾಗ ಕಾಕಾ, “ಲೇ, ಗಿರಣ್ಯಾಗ ಓಣಿ ನಡಿಯಂಗಿಲ್ಲ, ಪಾಳಿ ನಡೀತೈತಿ. ನಿಂದು ಮೂರನೇದು, ಕುಂಡ್ರು,” ಎಂದು ಬಾಯಿ ಮುಚ್ಚಿಸಿದ್ದನ್ನು ನಾನೇ ನೋಡಿದ್ದೆ.

ಅವತ್ತು ಆದದ್ದು ಇಷ್ಟು. ಮೊದಲೇ ಕೊಯ್ದಿಟ್ಟ ಬಂಡೆಗಳನ್ನು ಸಾಗಿಸಲು ಕ್ವಾರಿಯವರು ಟಿಪ್ಪರ್ ಕಳಿಸಿದರು. ಅದರ ಹಿಂದೆ ಕೆಳಗಿನ ಓಣಿಯವರ ಗುಂಪು, ಗುಂಪಿನಲ್ಲಿ ಆ ಊರಿನವರಲ್ಲದ ಕೆಲವರು. ಮ್ಯಾಗಿನ ಓಣಿಯವರು ಗಿರಣಿಯ ಮುಂದೆ ರಸ್ತೆಗೆ ಅಡ್ಡ ಕೂತರು. ಈರಣ್ಣ ಗಾಡಿ ನಿಲ್ಲಿಸಿ, ಇಳಿದು, ಕೂತ ಹೆಂಗಸರ ಹತ್ತಿರ ಬಂದು, “ಚಿಗವ್ವಾ, ಏಳ್ರಿ, ಡಾಂಬರ ಕಾದೈತಿ, ಕುಂಡಿ ಸುಟ್ಟೀತು,” ಎಂದ. ಕೆಲವರು ನಕ್ಕರು. ಆ ನಗುವಿನ ನಡುವೆಯೇ ಕಲ್ಲು ಬಂತು.

ಅದು ಅವನ ಬೆನ್ನ ಹಿಂದಿನಿಂದ ಬಂತು, ಅವನದೇ ಗುಂಪಿದ್ದ ಕಡೆಯಿಂದ. ರಸ್ತೆಯಲ್ಲಿ ಕೂತವರಿಗೆ ಗುರಿಯಿಟ್ಟದ್ದು ಅವನ ತಲೆಗೆ ಬಿತ್ತೋ, ಅವನಿಗೇ ಗುರಿಯಿಟ್ಟಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ. ವಿಡಿಯೋದಲ್ಲಿ ಟಿಪ್ಪರಿನ ಮರೆಯಿಂದ ಒಂದು ತೋಳು ಮೇಲೇಳುವುದು ಕಾಣುತ್ತದೆ. ನೀಲಿ ಅಂಗಿಯ ತೋಳು. ಮುಖವಿಲ್ಲ. ನಿದ್ದೆಗೆಟ್ಟ ದಿನಗಳಲ್ಲೆಲ್ಲ ನಾನು ಆ ತೋಳಿಗೆ ಒಂದೊಂದು ಮುಖ ಕೂರಿಸಿ ನೋಡಿದ್ದೇನೆ.

ಆಮೇಲೆ ಎರಡೂ ಕಡೆಯಿಂದ ಕಲ್ಲು. ಈರಣ್ಣ ನಡುರಸ್ತೆಯಲ್ಲಿ ಬಿದ್ದಿದ್ದ. ಮ್ಯಾಗಿನ ಓಣಿಯ ಇಬ್ಬರು ಹುಡುಗರು ಅವನ ರಟ್ಟೆ ಹಿಡಿದು ಎಳೆಯುತ್ತಿದ್ದರು. ಅವರ ಕಾಲ ಬಳಿಯೇ ಕಲ್ಲು ಸಿಡಿಯತೊಡಗಿದಾಗ ಅವನನ್ನು ಅಲ್ಲೇ ಹಾಕಿ ಓಡಲು ನೋಡಿದರು. ಆಗ ಕಾಕಾ ಗಿರಣಿಯ ಮೆಟ್ಟಿಲ ಮೇಲೆ ನಿಂತು, ಒಂದು ಕೈ ಮೇಲೆತ್ತಿ, ಕೊರಳ ನರ ಉಬ್ಬುವಂತೆ ಕೂಗಿದರು:

“ಬಿಡಬ್ಯಾಡ್ರಿ! ಅವನ್ನ ಬಿಡಬ್ಯಾಡ್ರಿ!”

ಹುಡುಗರು ಬಿಡಲಿಲ್ಲ. ಎಳೆದು ತಂದು ಗಿರಣಿಯೊಳಗೆ ಹಾಕಿದರು. ಕಾಕಾ ಕೆಳಗಿಳಿದು ಬಂದು ನನ್ನ ರಟ್ಟೆಗೂ ಕೈ ಹಾಕಿ, “ಟಿವಿ, ಸಾಯಾಕ ನಿಂತಿ ಏನ? ಒಳಗ ನಡಿ,” ಎಂದು ತಳ್ಳಿದರು. ಶಟರ್ ಎಳೆದರು.

ಒಳಗೆ ಕತ್ತಲೆ. ಆಗಷ್ಟೇ ಬಂದ್ ಮಾಡಿದ ಗಿರಣಿ ಇನ್ನೂ ಬಿಸಿಯಾಗಿತ್ತು. ಹಿಟ್ಟಿನ ಧೂಳು ಗಂಟಲಿಗೆ ಇಳಿಯುತ್ತಿತ್ತು, ಕೆಮ್ಮಲು ಹೆದರಿಕೆ. ಕಾಕಾ ಹಿಟ್ಟು ಸೋಸುವ ಬಟ್ಟೆ ಹರಿದು ಈರಣ್ಣನ ತಲೆಗೆ ಕಟ್ಟಿ, ಆ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಹೊರಗಿದ್ದವರು ಬೇರೆಯೇ ತಿಳಿದಿದ್ದರು. “ನಮ್ಮ ಹುಡುಗನ್ನ ಒಳಗ ಹಾಕ್ಕೊಂಡಾರ! ಹೊರಗ ಹಾಕ್ರಿ ಅವನ್ನ!” ಎಂಬ ಕೂಗಿನ ಹಿಂದೆಯೇ ಶಟರಿಗೆ ಕಲ್ಲು ಬಿದ್ದವು. ತಗಡಿಗೆ ಬಿದ್ದ ಒಂದೊಂದು ಕಲ್ಲೂ ನನ್ನ ಹಲ್ಲಿನಲ್ಲಿ ಕೇಳಿಸುತ್ತಿತ್ತು. ಕಾಕಾ ಒಳಗಿನಿಂದ, “ಲೇ, ಗಾಡಿ ತರ್ರೋ! ಹುಡುಗನ ಜೀವಾ ಹೊಂಟೈತಿ!” ಎಂದು ಕೂಗಿದ್ದು ಯಾರಿಗೂ ಮುಟ್ಟಲಿಲ್ಲ.

ನನ್ನ ಫೋನು ಇನ್ನೂ ನಡೆದಿತ್ತು ಎಂಬುದು ಆಗ ಗೊತ್ತಾಯಿತು. ಆ ರೆಕಾರ್ಡಿಂಗ್ ಮುಗಿಸಿ ಇನ್ನೊಂದು ಶುರು ಮಾಡಿದೆ. ಯಾಕೆ ಮಾಡಿದೆ ಎಂದು ಹೇಳಲಾರೆ. ಕೈಗೆ ಬೇರೆ ಕೆಲಸ ತಿಳಿಯಲಿಲ್ಲ. ಮೊದಲಿನದನ್ನು ಸಿಕ್ಕ ಚೂರು ನೆಟ್‌ವರ್ಕಿನಲ್ಲಿ ಬೆಂಗಳೂರಿನ ಒಂದು ಚಾನೆಲ್ಲಿನ ಡೆಸ್ಕಿಗೆ ಕಳಿಸಿದೆ. ಜೊತೆಗೆ, ‘ಗಿರಣಿಯೊಳಗೆ ಸಿಕ್ಕಿಬಿದ್ದಿದ್ದೇವೆ, ಒಬ್ಬನಿಗೆ ತಲೆ ಒಡೆದಿದೆ, ಪೊಲೀಸರಿಗೆ ತಿಳಿಸಿ’ ಎಂದು ಬರೆದೆ. ನಾವು ಸತ್ತರೂ ಆದದ್ದು ಉಳಿಯಲಿ ಎಂಬುದಷ್ಟೇ ತಲೆಯಲ್ಲಿತ್ತು. ಉತ್ತರ ತಕ್ಷಣ ಬಂತು: ‘ಸೂಪರ್ ವಿಷುವಲ್ಸ್ ಮೇಡಂ. ಇನ್ನೂ ಇದೆಯಾ?’

ಎರಡನೆಯ ರೆಕಾರ್ಡಿಂಗಿನಲ್ಲಿ ಚಿತ್ರವಿಲ್ಲ, ಬರೀ ಕಪ್ಪು. ದನಿ ಮಾತ್ರ ಇದೆ. ಕಲ್ಲಿನ ಸದ್ದಿನ ನಡುವೆ ಕಾಕಾ ಮಾತಾಡುತ್ತಲೇ ಇದ್ದಾರೆ. “ಈರಣ್ಣಾ, ನಿದ್ದಿ ಮಾಡಬ್ಯಾಡ ತಮ್ಮಾ. ನಿಮ್ಮವ್ವ ಮುಂಜಾನಿ ಜ್ವಾಳದ ಡಬ್ಬಿ ಇಟ್ಟು ಹೋಗ್ಯಾಳ. ಇನ್ನೂ ಬೀಸಿಲ್ಲ. ಎದ್ದಮ್ಯಾಲ ನೀನ ಒಯ್ಯಬೇಕು. ಕೇಳ್ತಿ ಇಲ್ಲೋ? ಹೂಂ ಅನ್ನು. ಒಮ್ಮೆ ಹೂಂ ಅನ್ನು.” ಈರಣ್ಣ ಮೊದಮೊದಲು ಹೂಂ ಅಂದ. ಆಮೇಲೆ ಅನ್ನಲಿಲ್ಲ. ಕಾಕಾ ಹೇಳುವುದನ್ನು ನಿಲ್ಲಿಸಲಿಲ್ಲ.

ಪೊಲೀಸರು ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಆಂಬುಲೆನ್ಸ್ ಈರಣ್ಣನನ್ನು ಬಾಗಲಕೋಟೆಗೆ ಒಯ್ದಿತು. ನಾನು ಇಳಕಲ್‌ಗೆ ಬಂದೆ. ನೇಕಾರರ ಮನೆಯವರೆಲ್ಲ ಟಿವಿಯ ಮುಂದೆ ನಿಂತಿದ್ದರು. ತೆರೆಯ ಮೇಲೆ ಕಾಕಾ. ಎತ್ತಿದ ಕೈ, ಉಬ್ಬಿದ ನರ, “ಬಿಡಬ್ಯಾಡ್ರಿ!” ಮತ್ತೆ ಅದೇ ಕೈ, ಅದೇ ನರ. ಮುಖದ ಸುತ್ತ ಒಂದು ಕೆಂಪು ವೃತ್ತ. ಕೆಳಗೆ ದಪ್ಪ ಅಕ್ಷರದಲ್ಲಿ ‘ಡ್ರೈವರ್ ಮೇಲೆ ಹಲ್ಲೆಗೆ ಮುದುಕನ ಕುಮ್ಮಕ್ಕು’. ಈರಣ್ಣನನ್ನು ಎಳೆದು ತರುತ್ತಿದ್ದ ಹುಡುಗರು ಇರಲಿಲ್ಲ. ಕತ್ತರಿಸಿದ್ದರು.

ಡೆಸ್ಕಿಗೆ ಫೋನು ಹಚ್ಚಿದೆ. ಅತ್ತಲಿನ ಹುಡುಗನ ದನಿ ಬಹಳ ಮರ್ಯಾದೆಯದು. “ಮೇಡಂ, ‘ಬಿಡಬೇಡಿ’ ಅಂತ ಅವರೇ ಹೇಳ್ತಿದ್ದಾರಲ್ಲ?”

“ಕೈ ಬಿಡಬೇಡಿ ಅಂದದ್ದು. ಬಿದ್ದವನನ್ನು ಎತ್ತಿಕೊಂಡು ಬನ್ನಿ ಅಂದದ್ದು. ನಾನು ಅಲ್ಲೇ ಇದ್ದೆ.”

“ನಮಗೆ ಹಾಗೆ ಕೇಳಿಸಲಿಲ್ಲ ಮೇಡಂ. ನೀವು ನಮ್ಮ ವರದಿಗಾರರೂ ಅಲ್ವಲ್ಲ, ನಾನು ಮೇಲಿನವರಿಗೆ ಏನಂತ ಹೇಳಲಿ?”

ಇನ್ನೊಮ್ಮೆ ಹಚ್ಚಿದಾಗ ಎತ್ತಲಿಲ್ಲ. ಮರುದಿನ ಬೆಳಿಗ್ಗೆ ಕಾಕಾನನ್ನು ಬಂಧಿಸಿದರು. ಕೊಲೆ ಯತ್ನದ ಕೇಸು. ದೂರಿಗೆ ಯಲ್ಲವ್ವನ ಹೆಬ್ಬೆಟ್ಟು. ಬರೆದವರು ಯಾರೋ, ದವಾಖಾನೆಯ ಬಾಗಿಲಲ್ಲೇ ಒತ್ತಿಸಿಕೊಂಡಿದ್ದರು. ಗಿರಣಿಗೆ ಪೊಲೀಸರು ಬೀಗ ಹಾಕಿ ಸೀಲು ಮಾಡಿದರು.

ನಾನು ಮೊದಲು ಹೋದದ್ದು ಕಾಕಾನ ಮನೆಗೆ. ಅವರ ಹೆಂಡತಿ ನೀಲವ್ವ ಹೊಸ್ತಿಲಲ್ಲೇ ನಿಂತು ಮಾತಾಡಿದಳು. ಒಳಗೆ ಕರೆಯಲಿಲ್ಲ. “ನಮ್ಮ ಗಿರಣ್ಯಾಗ ಜೀವಾ ಉಳಿಸಿಕೊಂಡಿ. ಹೊರಗ ಹೋಗಿ ನಮ್ಮವರ ಮಾರಿ ಜಗತ್ತಿಗೆಲ್ಲಾ ತೋರಿಸಿದಿ. ಛಲೋ ಮಾಡಿದಿ ನೋಡವಾ.” ಕತ್ತರಿಸಿದವಳು ನಾನಲ್ಲ ಎಂದು ಹೇಳಲು ಬಾಯಿ ತೆರೆದೆ. ಅವಳ ಬೆನ್ನ ಹಿಂದೆ ನಡುಮನೆಯ ಗೋಡೆಯ ಬಿರುಕು ಕಾಣುತ್ತಿತ್ತು. ಅಲ್ಲಿಂದಲೇ ಬಸ್ಸು ಹತ್ತಿದೆ.

ಹುನಗುಂದದಲ್ಲಿ ಪೊಲೀಸ್ ಅಧಿಕಾರಿಯ ಮುಂದೆ ಕೂತು, ಪೂರ್ತಿ ರೆಕಾರ್ಡಿಂಗ್ ನನ್ನ ಹತ್ತಿರ ಇದೆ ಎಂದೆ. ಅವರು ಕೇಳಿದರು: “ಐಡಿ ಕಾರ್ಡ್ ಐತೇನ್ರಿ?”

“ಇಲ್ರೀ. ನಂದ ಚಾನೆಲ್.”

“ಹಂಗಾದ್ರ ನೀವು ಸಾಕ್ಷಿ ಅನ್ನೋದೋ, ಗುಂಪಿನ್ಯಾಗ ಇದ್ದಾಕಿ ಅನ್ನೋದೋ? ನೀವ ಹೇಳ್ರಿ.” ವ್ಯಂಗ್ಯವಾಗಿ ಕೇಳಲಿಲ್ಲ; ನಿಜವಾಗಿಯೂ ಯೋಚಿಸುತ್ತಿದ್ದಂತೆ ಕೇಳಿದರು. ಫೋನು ಜಪ್ತಿ ಮಾಡಬೇಕಾಗುತ್ತದೆ, ಬಿಟ್ಟು ಹೋಗಿ ಎಂದರು. ಬರಹದಲ್ಲಿ ಕೇಳಿ, ಕೊಡುತ್ತೇನೆ ಎಂದು ಎದ್ದು ಬಂದೆ.

ಎರಡು ದಿನ ಬಿಟ್ಟು ಇಳಕಲ್ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಒಬ್ಬರು ಬಂದು ಎದುರಿಗೆ ಕೂತರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ವಯಸ್ಸಾದ ಮನುಷ್ಯ. ಯಾವ ಕ್ವಾರಿಯ ಹೆಸರೂ ಹೇಳಲಿಲ್ಲ. “ಸುನಂದಾ ಅಲ್ಲೇನ್ರಿ ನೀವು? ನಿಮ್ಮ ಅಕ್ಕಾರು ಬಾದಾಮ್ಯಾಗ ಇರ್ತಾರ. ಭಾಳ ಸಂಭಾವಿತ ಮಂದಿ.” ನನ್ನ ಫೋನು ಮೇಜಿನ ಮೇಲಿತ್ತು. ಅದನ್ನು ಬೆರಳ ತುದಿಯಿಂದ ನನ್ನ ಕಡೆ ಒಂದಿಷ್ಟು ಸರಿಸಿದರು. “ಗಾಜು ಒಡದೈತಲ್ರಿ. ಹಳೇದಾತು. ಇಂಥಾ ಕೆಲಸಾ ಮಾಡವ್ರು ಹೊಸಾ ಫೋನ್ ಇಟಗೋಬೇಕು. ನಾವು ಕೊಡಸ್ತೇವಿ. ಇದನ್ನ ನಮಗ ಕೊಡ್ರಿ.” ನಾನು ಫೋನು ಚೀಲಕ್ಕೆ ಹಾಕಿಕೊಂಡೆ. ಅವರು ನನ್ನ ಚಹಾಕ್ಕೂ ದುಡ್ಡು ಕೊಟ್ಟು ಎದ್ದರು. “ವಿಚಾರ ಮಾಡ್ರಿ. ಅವಸರೇನಿಲ್ಲ.” ಆ ‘ಅವಸರೇನಿಲ್ಲ’ ಎಂಬ ಮಾತು ಕೋಣೆಯ ತನಕ ನನ್ನ ಹಿಂದೆಯೇ ನಡೆದು ಬಂತು.

ಅವತ್ತೇ ಬಾದಾಮಿಯ ಬಸ್ಸು ಹತ್ತಿದೆ. ಅಕ್ಕನ ಮನೆಯ ಕಂಪ್ಯೂಟರಿನಲ್ಲಿ ಎರಡೂ ರೆಕಾರ್ಡಿಂಗ್ ಇಳಿಸಿಕೊಂಡೆ, ಇನ್ನೊಂದು ಪ್ರತಿ ಪೆನ್‌ಡ್ರೈವಿಗೆ ಹಾಕಿದೆ. ಇಳಕಲ್‌ನ ಕೋಣೆಗೆ ಹಿಂತಿರುಗಲಾಗಲಿಲ್ಲ. ಕೆಳಗಿನ ಕುಣಿಮಗ್ಗದ ಸದ್ದು ಮೊದಲು ನನಗೆ ಮಳೆಯ ಸದ್ದಿನಷ್ಟೇ ಹಿತವಾಗಿತ್ತು. ಆ ಕೊನೆಯ ದಿನಗಳಲ್ಲಿ ಮಗ್ಗದ ಹಲಗೆ ಬಡಿದಾಗಲೆಲ್ಲ ಬಾಗಿಲು ನೋಡುತ್ತಿದ್ದೆ. ಬಾದಾಮಿಯಲ್ಲಿ ಮಗ್ಗವಿಲ್ಲ, ಆದರೆ ಮಂಗಗಳಿವೆ. ಬಂಡೆಯಿಂದ ಇಳಿದು ಬಂದು ಅಕ್ಕನ ಹಿತ್ತಲಿನ ತಗಡಿನ ಮೇಲೆ ಧಡ್ ಎಂದು ಹಾರುತ್ತವೆ. ಮೊದಲ ಮುಂಜಾನೆ ಅವು ಹಾರಿದಾಗ ನಾನು ಮಂಚದ ಕೆಳಗಿದ್ದೆ. ಹೇಗೆ ಹೋದೆನೋ ತಿಳಿಯದು. ಅಕ್ಕ ಮೊದಲು ನಕ್ಕಳು. ನಾನು ಹೊರಗೆ ಬರದೇ ಇದ್ದಾಗ ನಗು ನಿಲ್ಲಿಸಿ, ಅವಳೂ ನೆಲದ ಮೇಲೆ ಮಲಗಿ, ಮಂಚದ ಕೆಳಗೆ ಕೈ ಚಾಚಿದಳು.

“ಅಳಿಸಿಬಿಡ ಸುನಂದಾ ಅದನ್ನ. ಫೋನಿನಾಗ ಇರೂತನಕ ನಿನ್ನ ತಲ್ಯಾಗ ಇರತೈತಿ.”

“ಅಳಿಸಿದ್ರ ಕಾಕಾ ಜೈಲಿನ್ಯಾಗ ಉಳೀತಾರ ಅಕ್ಕಾ.”

ಅವಳು ಮತ್ತೆ ಆ ಮಾತು ತೆಗೆಯಲಿಲ್ಲ. ಭಾವನವರ ಸರ್ಕಾರಿ ನೌಕರಿಗೆ ಇದರಿಂದ ತೊಂದರೆಯಾದೀತೆಂಬ ಭಯ ಅವಳಿಗಿತ್ತು. ಆದರೂ ನಾನು ಮಲಗಿದ ಕೋಣೆಯ ಬಾಗಿಲಿಗೆ ಒಳಗಿನಿಂದ ಇನ್ನೊಂದು ಚಿಲಕ ಹಾಕಿಸಿದಳು. ರಾತ್ರಿಯೆಲ್ಲ ನಾನು ಆ ಚಿಲಕ ನೋಡುತ್ತ ಕೂತಿರುತ್ತಿದ್ದೆ.

ಕಾಕಾನ ಪರ ನಿಂತ ವಕೀಲರು ಬಾಗಲಕೋಟೆಯ ನವನಗರದಲ್ಲಿದ್ದರು. ಹಿರಿಯರು, ಎಲೆಯಡಿಕೆ ಮೆಲ್ಲುತ್ತ ಎರಡೂ ರೆಕಾರ್ಡಿಂಗ್ ಮುಗಿಯುವ ತನಕ ನೋಡಿ ಹೇಳಿದರು: “ವಿಡಿಯೋ ಛಲೋ ಐತಿ. ಆದ್ರ ‘ಬಿಡಬ್ಯಾಡ್ರಿ’ ಅನ್ನೋದು ಎರಡೂ ಕಡೆ ಕಡಿಯೋ ಕುಡಗೋಲು ಇದ್ದಂಗ. ಜಗಳದಾಗ ಅಂದ್ರ ಬಡೀರಿ ಅಂತನೂ ಆಕ್ಕೈತಿ. ಪೊಲೀಸರು ಅದನ್ನ ಕಾಗದದ ಮ್ಯಾಲ ‘ಅವನನ್ನು ಬಿಡಬೇಡಿ’ ಅಂತ ಬರಕೊಂಡಾರ. ಕಾಗದಕ್ಕ ಗಂಟಲಾ ಇಲ್ಲ. ಹುಡುಗನ ತಾಯಿ ಏನಂತಾಳ?”

ಈರಣ್ಣನ ತಾಯಿ ಏನನ್ನುತ್ತಾಳೆಂದು ನನಗೆ ಗೊತ್ತಿತ್ತು. ಆದರೂ ಹೋದೆ. ದವಾಖಾನೆಯ ಕಾರಿಡಾರಿನಲ್ಲಿ ಯಲ್ಲವ್ವ ಗೋಡೆಗೆ ಒರಗಿ ಕೂತಿದ್ದಳು. ಈರಣ್ಣನಿಗೆ ಇನ್ನೂ ಮಾತು ಬಂದಿರಲಿಲ್ಲ. ಒಂದು ಕಣ್ಣು ಹೋಗಿತ್ತು. ಯಲ್ಲವ್ವ ಕೆಲವು ಕ್ಷಣ ನನ್ನನ್ನೇ ನೋಡಿ ಗುರುತು ಹಿಡಿದಳು. “ನೀ ಟಿವ್ಯಾಕಿ ಅಲ್ಲೇನ? ಮತ್ತೇನ ತಗೀಬೇಕಾಗೇತಿ? ಒಳಗದಾನ ಹೋಗು, ಬಾಯಾಗ ನಳಿಗಿ ಹಾಕ್ಯಾರ, ತಗಿ ಹೋಗು.”

ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಮಗ ಬೀಳುವುದನ್ನು ತಾಯಿಗೆ ತೋರಿಸಲು ನನ್ನಿಂದಾಗದು. “ನೋಡೂದ ಬ್ಯಾಡ ಯವ್ವಾ, ಕೇಳು ಸಾಕು,” ಎಂದು ಕತ್ತಲೆಯ ರೆಕಾರ್ಡಿಂಗ್ ಹಚ್ಚಿ ಫೋನನ್ನು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಯಾರದೋ ಕರೆ ಬಂದಂತೆ ಕಿವಿಗೆ ಹಿಡಿದಳು. ಶಟರಿನ ಸದ್ದಿಗೆ ಮೊದಲು ಬೆಚ್ಚಿದಳು. ಆಮೇಲೆ ಮುಖ ಸ್ತಬ್ಧವಾಯಿತು. ಒಳಗಿನಿಂದ ಕಾಕಾನ ದನಿ ಸಣ್ಣಗೆ ನನಗೂ ಕೇಳಿಸುತ್ತಿತ್ತು. ನಿಮ್ಮವ್ವ ಮುಂಜಾನಿ ಜ್ವಾಳದ ಡಬ್ಬಿ ಇಟ್ಟು ಹೋಗ್ಯಾಳ. ಹೂಂ ಅನ್ನು. ಈರಣ್ಣ ಹೂಂ ಅಂದ. ಯಲ್ಲವ್ವನೂ “ಹೂಂ” ಎಂದಳು. ಕಾಕಾ ಮತ್ತೆ ಕೇಳಿದರು. ಮಗನ ದನಿ ಬರುವುದು ನಿಂತ ಮೇಲೂ, ಕಾಕಾ ಕೇಳಿದಾಗಲೆಲ್ಲ ಅವಳು “ಹೂಂ” ಎನ್ನುತ್ತಲೇ ಇದ್ದಳು, ಕಾರಿಡಾರಿನಲ್ಲಿ ಹೋಗುವವರು ತಿರುಗಿ ನೋಡುವ ಹಾಗೆ. ರೆಕಾರ್ಡಿಂಗ್ ಮುಗಿದ ಮೇಲೂ ಫೋನು ಕಿವಿಯಿಂದ ತೆಗೆಯಲಿಲ್ಲ.

ಕೊನೆಗೆ ಫೋನನ್ನು ಮಡಿಲಿಗೆ ಇಳಿಸಿಕೊಂಡು ಹೇಳಿದಳು: “ಅವತ್ತ ಮುಂಜಾನಿ ಡಬ್ಬಿ ಇಟ್ಟು ಬಂದಿದ್ನಿ. ಮಾತಾಡಿಸಿದ್ದಿಲ್ಲ ಅವರನ್ನ. ಮಾರಿ ತಿರುವಿಕೊಂಡ ಇಟ್ಟು ಬಂದಿದ್ನಿ.” ಸೆರಗಿನಿಂದ ಫೋನಿನ ಒಡೆದ ಗಾಜನ್ನು ಒರೆಸಿ ನನಗೆ ಕೊಟ್ಟಳು. “ಯಾರ ಹಂತ್ಯಾಕ ಹೋಗಬೇಕು ಈಗ? ನಡಿ.”

ಜಾಮೀನಿನ ವಿಚಾರಣೆಯ ದಿನ ಬಾಗಲಕೋಟೆಯಲ್ಲಿ ಬಿಸಿಲು ಬೆಂಕಿಯಂತಿತ್ತು. ಕೋರ್ಟಿನ ಹೊರಗೆ ಬೇವಿನ ಮರದ ಕೆಳಗೆ ಎರಡೂ ಓಣಿಯವರು ಎರಡು ಗುಂಪಾಗಿ ನಿಂತಿದ್ದರು. ಬಿಳಿ ಅಂಗಿಯ ಆ ಮನುಷ್ಯ ದೂರದಲ್ಲಿ ಒಂದು ಕಾರಿಗೆ ಒರಗಿ ನಿಂತಿದ್ದರು. ನನ್ನನ್ನು ನೋಡಿ ಕೈ ಮುಗಿದರು. ನಾನು ಗೋಡೆಯ ಬದಿಗೆ ಹೋಗಿ ವಾಂತಿ ಮಾಡಿಕೊಂಡೆ. ನೀಲವ್ವ ಅದನ್ನು ನೋಡಿದಳು. ತನ್ನ ನೀರಿನ ಬಾಟಲಿ ತಂದು ನನ್ನ ಪಕ್ಕ ಇಟ್ಟು ಹೋದಳು.

ನ್ಯಾಯಾಧೀಶರು ದಕ್ಷಿಣದ ಕಡೆಯವರು. ಎರಡೂ ರೆಕಾರ್ಡಿಂಗುಗಳನ್ನು ಕೇಳಿದರು. ಸರ್ಕಾರಿ ವಕೀಲರು ಎದ್ದು, ಆ ಮಾತಿಗೆ ಹೊಡೆಯಿರಿ ಎಂಬ ಅರ್ಥವೂ ಇದೆ ಎಂದರು. ಆಗ ನಮ್ಮ ವಕೀಲರು, ದೂರು ಕೊಟ್ಟ ತಾಯಿಯೇ ಬಂದಿದ್ದಾಳೆ, ಏನೋ ಹೇಳಬೇಕಂತೆ ಎಂದು ಅರಿಕೆ ಮಾಡಿಕೊಂಡರು. ನ್ಯಾಯಾಧೀಶರು ಒಂದಿಷ್ಟು ಯೋಚಿಸಿ ಅವಳನ್ನು ಕರೆದರು.

“ಹೇಳಮ್ಮ, ‘ಬಿಡಬ್ಯಾಡ್ರಿ’ ಅಂದರೆ ನಿಮ್ಮ ಕಡೆ ಏನರ್ಥ?”

ಯಲ್ಲವ್ವ ಕಟಕಟೆಯ ಕಟ್ಟಿಗೆ ಹಿಡಿದು ನಿಂತಳು. “ಸಂತ್ಯಾಗ ಕೂಸಿನ ಕೈ ಹಿಡಕೊಂಡ ಹೊಂಟಾಗ ಏನಂತೇವ್ರಿ ಸಾಹೇಬ್ರ? ಕೈ ಬಿಡಬ್ಯಾಡ ಅಂತೇವಿ. ಅದ ಐತ್ರಿ ಇದು.”

“ಹೊಡೆಯಿರಿ ಅನ್ನುವಾಗಲೂ ಹಾಗೇ ಹೇಳುತ್ತಾರಂತಲ್ಲ?”

“ಹೇಳ್ತಾರ್ರಿ. ನಾನೂ ಹಂಗ ತಿಳಕೊಂಡ ಹೆಬ್ಬಟ್ಟ ಒತ್ತಿದ್ನಿ.” ನ್ಯಾಯಾಧೀಶರ ಕಡೆಗೇ ನೋಡಿ ಕೇಳಿದಳು: “ಬಡೀರಿ ಅನ್ನಾವ, ಬಡಿಸಿಕೊಂಡವನ ತಲೀ ತೊಡೀ ಮ್ಯಾಲ ಇಟಗೊಂಡ ಜ್ವಾಳದ ಸುದ್ದಿ ಹೇಳ್ತಾನೇನ್ರಿ?”

ಸಂಜೆಯ ಹೊತ್ತಿಗೆ ಜಾಮೀನಿನ ಆದೇಶವಾಯಿತು.

ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ಕೇಸು ಇನ್ನೂ ನಡೆದಿದೆ. ನೀಲಿ ತೋಳು ಯಾರದೆಂದು ಯಾರೂ ಹುಡುಕಲಿಲ್ಲ. ನನ್ನ ಫೋನನ್ನು ಆಮೇಲೆ ನೋಟಿಸ್ ಕೊಟ್ಟು ಒಯ್ದರು, ಇನ್ನೂ ಬಂದಿಲ್ಲ. ಚಾನೆಲ್ಲಿನವರು ಒಂದು ಸಾಲಿನ ತಿದ್ದುಪಡಿಯನ್ನೂ ಹಾಕಲಿಲ್ಲ. ಆ ಆರು ಸೆಕೆಂಡಿನ ತುಣುಕು ಈಗಲೂ ಯಾರಾದರೊಬ್ಬರ ವಾಟ್ಸ್ಆ್ಯಪಿನಲ್ಲಿ ಓಡಾಡುತ್ತದೆ. ಕಾಕಾ ಹುನಗುಂದದ ಸಂತೆಗೆ ಹೋದರೆ ಗುರುತಿಲ್ಲದವರು ಬೆರಳು ಮಾಡುತ್ತಾರೆ. ಈರಣ್ಣನಿಗೆ ಮಾತು ಬಂತು, ಆದರೆ ಆ ಸಂಜೆಯ ನೆನಪು ಬರಲಿಲ್ಲ. ಕಂಡಾಗ ಕೇಳುತ್ತಾನೆ: “ಅಕ್ಕಾರ, ಬೀಳೂಕಿಂತ ಮದಲ ನಾ ಏನೋ ಅಂದು ನಗಸಿದ್ನಂತ. ಏನಂದಿದ್ನಿ?” ಡಾಂಬರಿನ ಮಾತು ಹೇಳಿದರೆ ಒಂದು ಕಣ್ಣಿನಲ್ಲಿ ನಗುತ್ತಾನೆ. ಅವನು ಮರೆತದ್ದೆಲ್ಲ ನನ್ನ ಹತ್ತಿರ ಇದೆ.

ಕಾಕಾ ಬಿಡುಗಡೆಯಾಗಿ ವಾರವಾದ ಮೇಲೆ ನೀಲವ್ವ ತಾನೇ ಫೋನು ಮಾಡಿಸಿ ಕರೆದಳು. ಹೋದೆ. ಕಾಕಾ ಸೊರಗಿದ್ದರು. ಗಿರಣಿಯ ಸೀಲು ಇನ್ನೂ ತೆಗೆದಿರಲಿಲ್ಲವಾದ್ದರಿಂದ ಹುಬ್ಬಿನಲ್ಲಿ ಹಿಟ್ಟಿರಲಿಲ್ಲ, ಬೇರೆ ಯಾರೋ ಅನಿಸುತ್ತಿತ್ತು. “ಬಾ ಟಿವಿ,” ಎಂದರು. ಅಷ್ಟಕ್ಕೇ ನನ್ನ ಕಣ್ಣು ತುಂಬಿತು. ಊಟಕ್ಕೆ ಕೂತಾಗ ಎರಡನೆಯ ರೊಟ್ಟಿ ಬೇಡವೆಂದೆ. “ತಿನ್ನ, ನಾಲ್ಕು ರೊಟ್ಟಿ ತಿನ್ನದವ್ರು ಸಾಕ್ಷಿ ಹೇಳಾಕ ನಿಂದ್ರಂಗಿಲ್ಲ,” ಎಂದು ನೀಲವ್ವ ತಾಟಿಗೆ ಹಾಕಿದಳು. ಕೊನೆಯ ಬಸ್ಸು ಹೋಗಿಬಿಟ್ಟಿತ್ತು.

ಮ್ಯಾಗಿನ ಓಣಿಯಲ್ಲಿ ಆ ಬೇಸಿಗೆ ಯಾರೂ ಮನೆಯೊಳಗೆ ಮಲಗುತ್ತಿರಲಿಲ್ಲ. ಬಿರುಕು ಬಿಟ್ಟ ಗೋಡೆಗಳನ್ನು ನಂಬದೆ ಓಣಿಗೆ ಓಣಿಯೇ ಅಂಗಳದಲ್ಲಿ ಕೌದಿ ಹಾಸುತ್ತಿತ್ತು. ನನಗೆ ನೀಲವ್ವ ಮತ್ತು ಅವಳ ಸೊಸೆಯ ನಡುವೆ ಜಾಗ ಸಿಕ್ಕಿತು. ಬಾಗಿಲಿಲ್ಲ, ಚಿಲಕವಿಲ್ಲ, ನೋಡುತ್ತ ಕೂರಲು ಏನೂ ಇರಲಿಲ್ಲ. ಆ ಕಡೆ ಯಾರೋ ಕೆಮ್ಮಿದರು. ಈ ಕಡೆ ಒಂದು ಕೂಸು ರಚ್ಚೆ ಹಿಡಿದು ಸುಮ್ಮನಾಯಿತು. ಗಂಡಸರ ಸಾಲಿನಲ್ಲಿ ಯಾರೋ ಕಾಕಾನಿಗೆ, ಜೈಲಿನ ಅನ್ನ ಹೆಂಗಿತ್ತು ಎಂದು ಕೇಳಿದರು. “ನಿನ್ನ ಹೇಂತಿ ಮಾಡೂದಕ್ಕಿಂತ ಛಲೋ ಇತ್ತು,” ಎಂದರು ಕಾಕಾ. ಕತ್ತಲಲ್ಲಿ ಆ ಹೆಂಡತಿಯ ದನಿ, “ಹಂಗಾರ ವಾಪಸ್ ಹೋಗ್ರಿ ಮತ್ತ,” ಎಂದಿತು. ಅಲ್ಲಿಯ ತನಕ ನೆನಪಿದೆ.

ಕಣ್ಣು ಬಿಟ್ಟಾಗ ಬಿಸಿಲು ಮುಖದ ಮೇಲಿತ್ತು. ಅಕ್ಕಪಕ್ಕದ ಕೌದಿಗಳೆಲ್ಲ ಮಡಚಿದ್ದವು. ಓಣಿಯವರು ಗುಂಪಾಗಿ ನಿಂತು ಕ್ವಾರಿಯ ಕಡೆ ನೋಡುತ್ತಿದ್ದರು. ಗಾಳಿಯಲ್ಲಿ ಸಿಡಿಮದ್ದಿನ ವಾಸನೆ, ಗುಡ್ಡದ ಮೇಲೆ ಇನ್ನೂ ಕೂರದ ಧೂಳು. ನನ್ನ ಕೌದಿಯ ತುದಿಯಲ್ಲಿ ಮಾಳಿಗೆಯ ಅಂಚಿನಿಂದ ಉದುರಿದ ಮಣ್ಣು. ನಡುಮನೆಯ ಬಿರುಕಿನಲ್ಲಿ ಕಾಕಾ ಕೈ ತೂರಿಸಿ ಅಳತೆ ನೋಡುತ್ತಿದ್ದರು. ಕೆಲಸ ಶುರು ಮಾಡಲು ಕ್ವಾರಿಯವರು ಎಲ್ಲಿಂದಲೋ ಹೊಸ ಆದೇಶ ತಂದಿದ್ದರಂತೆ.

ನೀಲವ್ವ ಚಹಾದ ಬಟ್ಟಲು ಹಿಡಿದು ಬಂದು ನನ್ನ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು.

“ಎರಡು ಸಲ ಸಿಡಿಸಿದ್ರವಾ. ನಾವೆಲ್ಲಾ ಎದಿ ಹಿಡಕೊಂಡ ಎದ್ದು ನಿಂತ್ವಿ,” ಎಂದಳು. “ನೀ ಮಗ್ಗಲಾ ಬದಲಿಸಿ ಮಲಗೀದಿ.”